ತಣಿಸಂದ್ರದ ಎಂಎಲ್‌ಎ: ಆರು ಗೆಲುವು, ಎರಡು ಸೋಲು

ಮಕ್ಕಳೇ, ರಜೆಗೆ ಬೆಂಗಳೂರಿಗೆ ಹೋದಾಗ ವಿಮಾನ ನಿಲ್ದಾಣದಿಂದ ಹೆಬ್ಬಾಳದ ಕಡೆ ಬರುತ್ತೀರಲ್ಲ, ಆ ದಾರಿಯಲ್ಲಿ ಎಡಕ್ಕೆ ಒಳಗೆ ಹೋದರೆ ತಣಿಸಂದ್ರ. ಪಕ್ಕದಲ್ಲೇ ಮಾನ್ಯತಾ ಟೆಕ್ ಪಾರ್ಕ್, ಇನ್ನೊಂದು ಮಗ್ಗುಲಿಗೆ ರಾಚೇನಹಳ್ಳಿ ಕೆರೆ. ಮೊದಲು ರಾಗಿ ಹೊಲ, ಕೆರೆ ಬಯಲು ಇದ್ದ ಹಳ್ಳಿ. ಈಗ ಅಪಾರ್ಟ್‌ಮೆಂಟುಗಳ ಸಾಲು, ಸಂಜೆಯಾದರೆ ಮುಖ್ಯರಸ್ತೆಯಲ್ಲಿ ಕಾರಿನ ಬೆನ್ನಿಗೆ ಕಾರು. ಈ ತಣಿಸಂದ್ರದವರು ಓಟು ಹಾಕುವುದು ಬ್ಯಾಟರಾಯನಪುರ ವಿಧಾನಸಭಾ ಕ್ಷೇತ್ರಕ್ಕೆ. (ಬೆಂಗಳೂರಿನಲ್ಲಿ ಬ್ಯಾಟರಾಯನಪುರ ಎರಡಿವೆ. ಮೈಸೂರು ರಸ್ತೆಯದು ಬೇರೆ, ಬಳ್ಳಾರಿ ರಸ್ತೆಯ ಇದು ಬೇರೆ. ಆಟೊದವರಿಗೆ ಬಿಡಿಸಿ ಹೇಳದಿದ್ದರೆ ಊರಿನ ಇನ್ನೊಂದು ಮೂಲೆಗೆ ಹೋಗಿ ಇಳಿಯುತ್ತೀರಿ.)

ಈ ಕ್ಷೇತ್ರದಿಂದ 2008ರಿಂದ 2023ರವರೆಗೆ ನಡೆದ ನಾಲ್ಕೂ ಸಾರ್ವತ್ರಿಕ ಚುನಾವಣೆಗಳಲ್ಲಿ ಗೆದ್ದವರು ಒಬ್ಬರೇ, ಕಾಂಗ್ರೆಸ್ಸಿನ ಕೃಷ್ಣ ಬೈರೇಗೌಡ. ಅವರಿಗೆ ಓಟು ಕೇಳಲು ಹೊರಟ ಲೇಖನ ಇದಲ್ಲ. ನಿಮಗಂತೂ ಓಟೇ ಇಲ್ಲ. ಒಬ್ಬ ಶಾಸಕರ ಚುನಾವಣಾ ದಾಖಲೆಯನ್ನು ಹೇಗೆ ಓದಬೇಕು ಎಂದು ತೋರಿಸಲು ಇವರದು ಒಳ್ಳೆಯ ಉದಾಹರಣೆ. ಸೋಲೂ ಸೇರಿದಂತೆ ಎಲ್ಲ ಬಗೆಯ ಫಲಿತಾಂಶವೂ ಇದರಲ್ಲಿ ಸಿಗುತ್ತದೆ.

ಮೊದಲು ಒಂದೆರಡು ವಿಷಯ. ಕರ್ನಾಟಕ ವಿಧಾನಸಭೆಗೆ ಚುನಾಯಿತರಾಗುವವರು 224 ಜನ. ನಿಲ್ಲಲು 25 ವರ್ಷ ತುಂಬಿರಬೇಕು. ಕ್ಷೇತ್ರಕ್ಕೊಬ್ಬರು, ಎಲ್ಲರಿಗಿಂತ ಒಂದೇ ಒಂದು ಓಟು ಹೆಚ್ಚು ಬಂದರೂ ಗೆಲುವೇ. ದೆಹಲಿಯ ಲೋಕಸಭೆ ಬೇರೆ, ಅದಕ್ಕೆ ಕರ್ನಾಟಕದಿಂದ 28 ಜನ. ಓಟು ಹಾಕಿದವರ ಎಡಗೈ ತೋರುಬೆರಳಿಗೆ ಹಚ್ಚುವ, ಎಷ್ಟು ತಿಕ್ಕಿದರೂ ಹೋಗದ ಶಾಯಿ ಬರುವುದು ನಮ್ಮ ಮೈಸೂರಿನಿಂದಲೇ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರುಮಾಡಿದ ಬಣ್ಣದ ಕಾರ್ಖಾನೆ ಅದನ್ನು 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಕೊಡುತ್ತಿದೆ, ಹೊರದೇಶಗಳಿಗೂ ಕಳಿಸುತ್ತದೆ.

ಈಗ ಕೃಷ್ಣ ಬೈರೇಗೌಡರ ಕಥೆಗೆ ಬರೋಣ. ಹುಟ್ಟಿದ್ದು 1973ರಲ್ಲಿ. ಕೋಲಾರ ಸೀಮೆಯ ಮನೆತನ. ತಂದೆ ಸಿ. ಬೈರೇಗೌಡರು ವೇಮಗಲ್ ಕ್ಷೇತ್ರದ ಶಾಸಕರು, ಜೆ.ಎಚ್. ಪಟೇಲರ ಸಂಪುಟದಲ್ಲಿ ಕೃಷಿ ಸಚಿವರು. ಮಗ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಓದಿ, ವಾಷಿಂಗ್ಟನ್ನಿನ ಅಮೆರಿಕನ್ ಯೂನಿವರ್ಸಿಟಿಗೆ ಹೋಗಿ ಅಂತರರಾಷ್ಟ್ರೀಯ ವ್ಯವಹಾರಗಳಲ್ಲಿ ಎಂ.ಎ. ಮಾಡಿದರು. ನಿಮ್ಮ ಅಪ್ಪ ಅಮ್ಮಂದಿರ ಹಾಗೆ ಅವರೂ ಅಲ್ಲೇ ಉಳಿಯಬಹುದಿತ್ತು. ಊರಿಗೆ ಮರಳಿದರು. 2003ರಲ್ಲಿ ತಂದೆ ತೀರಿಕೊಂಡರು. ಶಾಸಕರು ನಡುವೆ ತೀರಿಕೊಂಡಾಗ ಆ ಒಂದೇ ಕ್ಷೇತ್ರಕ್ಕೆ ಉಪಚುನಾವಣೆ ನಡೆಯುತ್ತದೆ. ವೇಮಗಲ್‌ನಲ್ಲಿ ಮಗ ನಿಂತರು, ಗೆದ್ದರು. ವಯಸ್ಸು 30. ಮರುವರ್ಷದ ಸಾರ್ವತ್ರಿಕ ಚುನಾವಣೆಯಲ್ಲಿ ಅದೇ ಕ್ಷೇತ್ರದಿಂದ ಮತ್ತೆ ಗೆಲುವು.

ಇವೆರಡನ್ನೂ ತಂದೆಯ ಹೆಸರಿನ ಗೆಲುವು ಎಂದರೆ ಬೇಸರ ಪಡಬೇಕಾಗಿಲ್ಲ. ನಮ್ಮ ರಾಜಕೀಯದಲ್ಲಿ ಮಕ್ಕಳು ತಂದೆಯ ಕ್ಷೇತ್ರಕ್ಕೆ ಬರುವುದು ಮಾಮೂಲಿ, ಅದರ ಬಗ್ಗೆ ದೂರುವವರೂ ಬೇಕಾದಷ್ಟಿದ್ದಾರೆ. ಆದರೆ ಇಲ್ಲಿ ಆಮೇಲೆ ಆದದ್ದೇ ಬೇರೆ: ಆ ಕ್ಷೇತ್ರವೇ ಇಲ್ಲವಾಯಿತು!

ಜನಸಂಖ್ಯೆಗೆ ತಕ್ಕಂತೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗೀಚುವುದಕ್ಕೆ ಪುನರ್ವಿಂಗಡಣೆ ಎನ್ನುತ್ತಾರೆ. 2001ರ ಜನಗಣತಿ ಆಧರಿಸಿ ಗಡಿಗಳು ಬದಲಾದವು. ಹೊಸ ಗಡಿಗಳ ಮೇಲೆ ಚುನಾವಣೆ ನಡೆಸಿದ ಮೊದಲ ರಾಜ್ಯ ಕರ್ನಾಟಕ, 2008ರ ಮೇ ತಿಂಗಳಲ್ಲಿ. ಬೆಂಗಳೂರು ಊದಿಕೊಂಡಿತ್ತು, ಅದರ ಪಾಲಿನ ಕ್ಷೇತ್ರಗಳು 28ಕ್ಕೇರಿದವು. ಒಟ್ಟು ಸಂಖ್ಯೆ ಮಾತ್ರ 224 ಇದ್ದದ್ದು ಇದ್ದಂತೆಯೇ, ಹಾಗಾಗಿ ಬೇರೆ ಕಡೆ ಕಡಿಮೆಯಾಗಲೇಬೇಕು. ವೇಮಗಲ್ ಹೋಗಿ ಕೋಲಾರ ಕ್ಷೇತ್ರದೊಳಗೆ ಸೇರಿತು. ಹೊಸದಾಗಿ ಹುಟ್ಟಿದವುಗಳಲ್ಲಿ ಬ್ಯಾಟರಾಯನಪುರವೂ ಒಂದು. ಅದಕ್ಕೂ ಒಂದು ವರ್ಷ ಮುಂಚೆ, 2007ರಲ್ಲಿ, ಬ್ಯಾಟರಾಯನಪುರ ನಗರಸಭೆ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿಹೋಗಿತ್ತು.

ಕೋಲಾರದ ರಾಗಿ ರೈತರ ಪ್ರತಿನಿಧಿ ಈಗ ಐಟಿ ನೌಕರರು, ಹಳೇ ಊರಿನ ಗೌಡರು, ಉತ್ತರ ಕರ್ನಾಟಕದಿಂದ ಗಾರೆ ಕೆಲಸಕ್ಕೆ ಬಂದವರು, ಹೆಗ್ಡೆ ನಗರದ ಮುಸ್ಲಿಂ ಕುಟುಂಬಗಳು ಎಲ್ಲರ ಮನೆ ಬಾಗಿಲಿಗೂ ಹೋಗಬೇಕಿತ್ತು. ಅವರಲ್ಲಿ ಬಹಳ ಮಂದಿಗೆ ಬೈರೇಗೌಡರೆಂದರೆ ಯಾರೆಂದೇ ಗೊತ್ತಿರಲಿಲ್ಲ. ಅಲ್ಲಿ ಗೆದ್ದದ್ದನ್ನೇ ನಾನು ಅವರ ಮೊದಲ ಸ್ವಂತ ಗೆಲುವು ಎಂದು ಎಣಿಸುವುದು.

ಮರುವರ್ಷವೇ, 2009ರಲ್ಲಿ, ಪಕ್ಷ ಅವರನ್ನು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯ ಅನಂತಕುಮಾರ್ ಎದುರು ನಿಲ್ಲಿಸಿತು. ಅನಂತಕುಮಾರ್ ಅಲ್ಲಿ 1996ರಿಂದ ಸೋತೇ ಇರಲಿಲ್ಲ. ಕೃಷ್ಣ ಬೈರೇಗೌಡರು 37,612 ಓಟುಗಳಿಂದ ಸೋತರು. ಶಾಸಕ ಸ್ಥಾನಕ್ಕೆ ಅದರಿಂದ ಕುಂದೇನೂ ಬರಲಿಲ್ಲ. ಲೋಕಸಭೆಗೆ ನಿಂತು ಸೋತವರು ವಿಧಾನಸಭೆಯಲ್ಲಿ ಮುಂದುವರಿಯಬಹುದು.

2013ರಲ್ಲಿ ಬ್ಯಾಟರಾಯನಪುರದಲ್ಲಿ ಸುಮಾರು 32 ಸಾವಿರ ಅಂತರದ ಗೆಲುವು, ಎದುರಾಳಿ ಬಿಜೆಪಿಯ ಎ. ರವಿ. ಸಿದ್ದರಾಮಯ್ಯನವರ ಸಂಪುಟದಲ್ಲಿ ತಂದೆ ನೋಡಿಕೊಂಡಿದ್ದ ಕೃಷಿ ಖಾತೆಯೇ ಮಗನಿಗೂ ಬಂತು. ಆ ಕಾಲದ ‘ಕೃಷಿ ಭಾಗ್ಯ’ ಯೋಜನೆಯ ಗುರುತು ಇಂದಿಗೂ ಹೊಲಗಳಲ್ಲಿ ಕಾಣುತ್ತದೆ. ಅದೇ ಕೃಷಿ ಹೊಂಡ. ಹೊಲದಲ್ಲಿ ಇಳಿಜಾರು ಮುಗಿಯುವ ಮೂಲೆಯಲ್ಲಿ ಚೌಕಾಕಾರದ ಗುಂಡಿ ತೋಡಿ, ನೀರು ಇಂಗದಂತೆ ಒಳಗೆಲ್ಲ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಜೋರು ಮಳೆ ಬಂದಾಗ ಹರಿದುಹೋಗುವ ನೀರು ಅಲ್ಲಿ ನಿಲ್ಲುತ್ತದೆ. ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಪಂಪು ಹಚ್ಚಿ ಒಂದೆರಡು ಸಲ ನೀರು ಹಾಯಿಸಿದರೂ ಬೆಳೆ ಉಳಿಯುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೊಳವೆಬಾವಿ ಸಾವಿರ ಅಡಿ ದಾಟಿದ ಕೋಲಾರದ ಕಡೆಯವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ರಾಗಿ, ನವಣೆ, ಸಜ್ಜೆಗಳಿಗೆ ‘ಸಿರಿಧಾನ್ಯ’ ಎಂಬ ಹೆಸರು ನಗರದವರ ಬಾಯಲ್ಲಿ ಹರಿದಾಡಿದ್ದೂ ಆ ವರ್ಷಗಳಲ್ಲೇ. 2018ರ ಜನವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದಕ್ಕಾಗಿ ಅಂತರರಾಷ್ಟ್ರೀಯ ಮೇಳವೇ ನಡೆಯಿತು.

ಅದೇ 2018ರ ಚುನಾವಣೆಯ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಕೃಷ್ಣ ಬೈರೇಗೌಡರಿಗೆ 1,14,964 ಓಟು, ರವಿಯವರಿಗೆ 1,09,293. ಅಂತರ ಬರೀ 5,671. ಹಿಂದಿನ ಸಲ ಗೆದ್ದವರಿಗೆ ಬಂದಿದ್ದದ್ದು ಸುಮಾರು 96 ಸಾವಿರ. ಅಂದರೆ ಅವರ ಓಟು ಹೆಚ್ಚಾಯಿತು, ಗೆಲುವಿನ ಅಂತರ ಮಾತ್ರ ಕರಗಿತು. ಮತದಾರರ ಪಟ್ಟಿಗೆ ಹೊಸಬರು ಬಂದು ಸೇರುತ್ತಲೇ ಇದ್ದರು, ಎದುರಾಳಿಯ ಪಾಲು ಇನ್ನೂ ವೇಗವಾಗಿ ಬೆಳೆಯಿತು. ಟಿವಿಯವರು ಅಂತರವನ್ನಷ್ಟೇ ಕೂಗಿ ಹೇಳುತ್ತಾರೆ. ಎರಡೂ ಕಡೆಯ ಓಟು, ಹಿಂದಿನ ಸಲದ ಲೆಕ್ಕ ನೋಡದೆ ಅದು ಅರ್ಥವಾಗುವುದಿಲ್ಲ.

ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗಲೇ, 2019ರಲ್ಲಿ, ಬೆಂಗಳೂರು ಉತ್ತರದಿಂದ ಮತ್ತೆ ಲೋಕಸಭೆಗೆ ನಿಂತರು. ಬ್ಯಾಟರಾಯನಪುರವೂ ಅದರೊಳಗೇ ಬರುತ್ತದೆ. ಬಿಜೆಪಿಯ ಡಿ.ವಿ. ಸದಾನಂದಗೌಡರ ಎದುರು 1,47,518 ಓಟುಗಳ ಸೋಲು. ದೆಹಲಿಗೊಂದು, ಬೆಂಗಳೂರಿಗೊಂದು ಎಂದು ಯೋಚಿಸಿ ಓಟು ಹಾಕುವ ಅಭ್ಯಾಸ ಕರ್ನಾಟಕದ ಮತದಾರರಿಗೆ 1980ರ ದಶಕದಿಂದಲೂ ಇದೆ. 1984ರ ಲೋಕಸಭೆಗೆ ಕಾಂಗ್ರೆಸ್ಸನ್ನು ಗೆಲ್ಲಿಸಿದ ಇದೇ ಜನ ಕೆಲವೇ ತಿಂಗಳಲ್ಲಿ, 1985ರಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಬಹುಮತ ಕೊಟ್ಟರು.

2023ರಲ್ಲಿ ಬ್ಯಾಟರಾಯನಪುರ ಮತ್ತೆ ಕೈ ಹಿಡಿಯಿತು, ಈ ಸಲ 38 ಸಾವಿರಕ್ಕೂ ಹೆಚ್ಚಿನ ಅಂತರ. ಸಿಕ್ಕಿದ್ದು ಕಂದಾಯ ಖಾತೆ. ಅದು ಜಮೀನಿನ ಪಹಣಿ, ಪೋಡಿ, ಖಾತೆ ಎಂದು ನಿಮ್ಮ ತಾತ ಫೋನಿನಲ್ಲಿ ಗೊಣಗುತ್ತಾರಲ್ಲ, ಆ ಖಾತೆ. ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿ ಮುಟ್ಟಿದರೆ ಪುಡಿಯಾಗುವಂಥ ಹಳೇ ಕಡತಗಳನ್ನು ಒಂದೊಂದು ಹಾಳೆಯಾಗಿ ಸ್ಕ್ಯಾನ್ ಮಾಡಿಸುವ ‘ಭೂ ಸುರಕ್ಷಾ’ ಕೆಲಸ ಅವರ ಇಲಾಖೆಯಲ್ಲಿ ನಡೆದದ್ದು. ಕಡತ ಕಳೆದಿದೆ ಎಂಬ ಉತ್ತರ ಕೇಳಿ ಸೋತ ರೈತರಿಗೆ ಇದು ಸಣ್ಣ ಸಂಗತಿಯಲ್ಲ. ಇತ್ತ ತಣಿಸಂದ್ರ ಮುಖ್ಯರಸ್ತೆಯ ಸಂಚಾರದ ಗೋಳು ಹಾಗೆಯೇ ಇದೆ ಎಂದು ಅಲ್ಲಿನವರು ಬೈಯುತ್ತಾರೆ. ಬೈಯಲಿ, ಓಟು ಹಾಕಿದವರ ಹಕ್ಕು ಅದು.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ನಿಮ್ಮ ಮನೆಯ ದೊಡ್ಡವರಿಗೂ ಆ ಹಕ್ಕಿದೆ. ಬೇರೆ ದೇಶದ ಪೌರತ್ವ ಪಡೆಯದೆ ಹೊರಗಿರುವವರು ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು. ಆದರೆ ಓಟು ಹಾಕಲು ಆ ದಿನ ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೇ ಹೋಗಬೇಕು. 2023ರ ವಿಧಾನಸಭೆಯ ಐದು ವರ್ಷ ಮುಗಿಯುವುದು 2028ರಲ್ಲಿ. ಟಿಕೆಟ್ ಬುಕ್ ಮಾಡುವುದಾದರೆ ಅಪ್ಪ ಅಮ್ಮನಿಗೆ ಈಗಲೇ ಹೇಳಿಡಿ.