ಸೂಕ್ಷ್ಮದರ್ಶಕ ಮಾಡಿದ ಕಾರ್ಲ್ ಝೈಸ್

ಕಾಮರ್ಸ್ ಓದುವವರಿಗೂ ವಿಜ್ಞಾನಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಪಿಯುಸಿಗೆ ಸೇರುವಾಗ ನಾನು ಸೈನ್ಸ್ ತೆಗೆದುಕೊಳ್ಳಲಿಲ್ಲ ಎಂದು ನಮ್ಮ ಮನೆಯಲ್ಲೂ ಬೇಸರವಿತ್ತು. ಉತ್ತರ ನನ್ನಲ್ಲೂ ಇರಲಿಲ್ಲ. ಅದು ಸಿಕ್ಕಿದ್ದು ಕಳೆದ ವರ್ಷ, ದಾದಿಮಾಗೆ ಕಾಯಿಲೆ ಬಂದಾಗ.

ದಾದಿಮಾ ಎಂದರೆ ನನ್ನ ಅಬ್ಬಾರ ತಾಯಿ. ಕಾರ್ಕಳದಲ್ಲಿ ಇರುತ್ತಾರೆ. ಅವರಿಗೆ ಒಂದು ತಿಂಗಳಿನಿಂದ ಕೆಮ್ಮು, ಸಂಜೆಯಾದರೆ ಜ್ವರ. ಕಫ ಪರೀಕ್ಷೆ ಮಾಡಿಸಿದಾಗ ಕ್ಷಯ ಎಂದು ಗೊತ್ತಾಯಿತು. ವರದಿ ತರಲು ಹೋದ ದಿನ ಲ್ಯಾಬಿನ ಅಕ್ಕ ಗಾಜಿನ ಸ್ಲೈಡ್ ಮೇಲೆ ಒಂದು ಹನಿ ಎಣ್ಣೆ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಲು ನನಗೂ ಬಿಟ್ಟರು. ನೀಲಿ ಬಣ್ಣದ ನಡುವೆ ಸಣ್ಣ ಸಣ್ಣ ಕೆಂಪು ಕಡ್ಡಿಗಳು. ದಾದಿಮಾರ ನಿದ್ದೆ ಕೆಡಿಸಿದ್ದು ಇಷ್ಟು ಸಣ್ಣ ಜೀವಿಯೇ ಎಂದು ಆಶ್ಚರ್ಯವಾಯಿತು, ಹೆದರಿಕೆಯೂ ಆಯಿತು.

ಈ ರೋಗಾಣುವನ್ನು ಕಂಡುಹಿಡಿದವರು ರಾಬರ್ಟ್ ಕಾಕ್ ಎಂದು ಹೈಸ್ಕೂಲಿನಲ್ಲೇ ಓದಿದ್ದೆವು. ಅವರು ಅದನ್ನು ಬರ್ಲಿನ್‌ನಲ್ಲಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಅದಕ್ಕಾಗಿಯೇ ಆ ದಿನ ವಿಶ್ವ ಕ್ಷಯರೋಗ ದಿನ. ಆದರೆ ಕಾಕ್ ಅವರ ಕೈಗೆ ಒಳ್ಳೆಯ ಸೂಕ್ಷ್ಮದರ್ಶಕ ಕೊಟ್ಟವರು ಯಾರು? ಹುಡುಕಿದಾಗ ಸಿಕ್ಕಿದ ಹೆಸರು ಕಾರ್ಲ್ ಝೈಸ್.

ಝೈಸ್ ಹುಟ್ಟಿದ್ದು 1816ರ ಸೆಪ್ಟೆಂಬರ್ 11ರಂದು, ಜರ್ಮನಿಯ ವೈಮರ್ ಎಂಬ ಊರಿನಲ್ಲಿ. ತಂದೆ ಕಡೆತದ ಕೆಲಸ ಮಾಡುವ ಕುಶಲಕರ್ಮಿ. ಯೇನಾ ಎಂಬ ಊರಿನಲ್ಲಿ ಯಂತ್ರ ತಯಾರಕರೊಬ್ಬರ ಬಳಿ ಝೈಸ್ ಕೆಲಸ ಕಲಿತರು. ಜೊತೆಗೆ ಅಲ್ಲಿನ ವಿಶ್ವವಿದ್ಯಾಲಯದ ಪಾಠಗಳನ್ನೂ ಕೇಳಿದರು. ನಂತರ ಹಲವು ಊರು ತಿರುಗಿ ಅನುಭವ ಪಡೆದು, 1846ರಲ್ಲಿ ಯೇನಾದಲ್ಲಿ ಸ್ವಂತ ವರ್ಕ್‌ಶಾಪ್ ತೆರೆದರು. ಆಗ ಅವರಿಗೆ 30 ವರ್ಷ. ಬಂಡವಾಳ ಮನೆಯವರಿಂದ ತಂದ ಸಣ್ಣ ಸಾಲ. ಗಿರಾಕಿಗಳು ವಿಶ್ವವಿದ್ಯಾಲಯದ ಸಂಶೋಧಕರು. ಸಸ್ಯವಿಜ್ಞಾನಿ ಶ್ಲೈಡನ್ ಸೂಕ್ಷ್ಮದರ್ಶಕ ಮಾಡಲು ಅವರಿಗೆ ಪ್ರೋತ್ಸಾಹ ಕೊಟ್ಟರು.

ಝೈಸ್ ಕಟ್ಟುನಿಟ್ಟಿನ ಮನುಷ್ಯ. ಸರಿಯಿಲ್ಲದ ಸೂಕ್ಷ್ಮದರ್ಶಕವನ್ನು ತಾವೇ ಸುತ್ತಿಗೆಯಿಂದ ಒಡೆದುಹಾಕುತ್ತಿದ್ದರಂತೆ. 1866ರ ಹೊತ್ತಿಗೆ ಸಾವಿರ ಸೂಕ್ಷ್ಮದರ್ಶಕಗಳು ಮಾರಾಟವಾಗಿದ್ದವು. ವ್ಯಾಪಾರ ಚೆನ್ನಾಗಿಯೇ ಇತ್ತು. ಆದರೂ ಅವರಿಗೆ ಸಮಾಧಾನವಿರಲಿಲ್ಲ. ಆಗೆಲ್ಲ ಮಸೂರಗಳನ್ನು ಉಜ್ಜಿ, ಜೋಡಿಸಿ, ಬದಲಾಯಿಸಿ, ಚೆನ್ನಾಗಿ ಕಂಡರೆ ಇಟ್ಟುಕೊಳ್ಳುವುದೇ ಪದ್ಧತಿ. ಲೆಕ್ಕ ಹಾಕಿ ಮಸೂರ ಮಾಡಬೇಕು ಎಂಬುದು ಝೈಸ್ ಆಸೆ. ಆದರೆ ಅದಕ್ಕೆ ಬೇಕಾದ ಗಣಿತ ತಮಗೆ ಬರುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು.

ಅದೇ ವರ್ಷ ಅವರು ಎರ್ನ್ಸ್ಟ್ ಆಬೆ ಎಂಬ 26 ವರ್ಷದ ಭೌತವಿಜ್ಞಾನ ಅಧ್ಯಾಪಕರನ್ನು ಕೆಲಸಕ್ಕೆ ಕರೆದರು. ಆಬೆ ಬಡ ನೂಲುಗಾರರೊಬ್ಬರ ಮಗ. ಮೊದಲು ಲೆಕ್ಕ ಹಾಕಿ ಮಾಡಿದ ಮಸೂರಗಳು ಹಳೆಯವುಗಳಿಗಿಂತ ಕಳಪೆಯಾಗಿದ್ದವು! ಖರ್ಚಾಯಿತು, ವರ್ಷಗಳು ಕಳೆದವು. ಬೇರೆ ಯಜಮಾನರಾಗಿದ್ದರೆ ಕೈಬಿಡುತ್ತಿದ್ದರೋ ಏನೋ, ಝೈಸ್ ಬಿಡಲಿಲ್ಲ. ಆ ಸೋಲಿನ ಕಾರಣ ಹುಡುಕುತ್ತಲೇ ಆಬೆ ಸೂಕ್ಷ್ಮದರ್ಶಕದಲ್ಲಿ ಚಿತ್ರ ಮೂಡುವ ಬಗೆಯನ್ನು ವಿವರಿಸಿದರು. 1872ರ ಹೊತ್ತಿಗೆ ಝೈಸ್ ಮಸೂರಗಳೆಲ್ಲ ಲೆಕ್ಕದ ಪ್ರಕಾರವೇ ತಯಾರಾದವು. ಬಳಿಕ ಮಸೂರಕ್ಕೂ ಸ್ಲೈಡಿಗೂ ನಡುವೆ ಎಣ್ಣೆ ಹಾಕಿ ನೋಡುವ ಮಸೂರವೂ ಬಂತು. ಕಾಕ್ ಬಳಸಿದ್ದು ಇಂಥದ್ದನ್ನೇ. ಕಾರ್ಕಳದ ಲ್ಯಾಬಿನಲ್ಲಿ ನಾನು ನೋಡಿದ ಎಣ್ಣೆ ಹನಿಯ ಕೆಲಸವೂ ಅದೇ.

ನಮ್ಮ ಅಕೌಂಟೆನ್ಸಿಯಲ್ಲಿ ಪಾಲುದಾರನ ಪ್ರವೇಶ ಎಂಬ ಅಧ್ಯಾಯವಿದೆ. ಹೊಸ ಪಾಲುದಾರ ಬಂದಾಗ ಹಳಬರು ತಮ್ಮ ಲಾಭದ ಪಾಲಿನಲ್ಲಿ ಸ್ವಲ್ಪ ಬಿಟ್ಟುಕೊಡಬೇಕು. ನಾವು ಆ ಲೆಕ್ಕವನ್ನು ಅಂಕಕ್ಕಾಗಿ ಮಾಡುತ್ತೇವೆ. ಝೈಸ್ ಅದನ್ನು ನಿಜಜೀವನದಲ್ಲಿ ಮಾಡಿದರು. 1870ರ ದಶಕದ ಮಧ್ಯದಲ್ಲಿ ಆಬೆಯನ್ನು ಪಾಲುದಾರರನ್ನಾಗಿ ಮಾಡಿಕೊಂಡರು. ಮುಂದೆ ಗಾಜಿನ ತಜ್ಞ ಓಟೋ ಶಾಟ್ ಕೂಡ ಇವರ ಜೊತೆ ಸೇರಿದರು. 1884ರಲ್ಲಿ ಯೇನಾದಲ್ಲೇ ಗಾಜಿನ ಕಾರ್ಖಾನೆ ಶುರುವಾಯಿತು. 1886ರಲ್ಲಿ ಹತ್ತು ಸಾವಿರದ ಸೂಕ್ಷ್ಮದರ್ಶಕ ಹೊರಬಂತು.

1888ರ ಡಿಸೆಂಬರ್ 3ರಂದು ಝೈಸ್ ತೀರಿಕೊಂಡರು. ಮರುವರ್ಷ ಆಬೆ ಕಾರ್ಲ್ ಝೈಸ್ ಹೆಸರಿನಲ್ಲಿ ಪ್ರತಿಷ್ಠಾನ ಸ್ಥಾಪಿಸಿ, ಕಂಪನಿಯಲ್ಲಿದ್ದ ತಮ್ಮ ಪಾಲನ್ನೂ ಮುಂದೆ ಅದಕ್ಕೇ ಬಿಟ್ಟುಕೊಟ್ಟರು. 1900ರಲ್ಲಿ ಅಲ್ಲಿನ ಕೆಲಸಗಾರರಿಗೆ ದಿನಕ್ಕೆ 8 ಗಂಟೆಯ ಕೆಲಸ ಜಾರಿಗೆ ಬಂತು. ಆ ಕಂಪನಿ ಈಗಲೂ ಇದೆ, ನಮ್ಮ ಬೆಂಗಳೂರಿನಲ್ಲೂ ಇದೆ.

ಮಣಿಪಾಲದಲ್ಲಿ ಓದುವ, ಸಂಶೋಧನೆ ಮಾಡುವ ಎಷ್ಟೋ ಜನರಿಗೆ ಉಪಕರಣ ಬೇಕು. ಅದನ್ನು ಮಾಡುವವರು, ಬಂಡವಾಳ ಹೂಡುವವರು, ಸೋತಾಗಲೂ ಕಾಯುವವರು ಬೇಕು. ಕಾಮರ್ಸ್ ಓದುವವರ ಜಾಗ ಅಲ್ಲಿದೆ ಎಂದು ನನಗೆ ಈಗ ಅನಿಸುತ್ತದೆ.

ದಾದಿಮಾ ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರು. ಅಲ್ಹಮ್ದುಲಿಲ್ಲಾಹ್, ಈಗ ಗುಣವಾಗಿದ್ದಾರೆ. ಈ ಕಥೆಯನ್ನು ಅವರಿಗೆ ಉರ್ದುವಿನಲ್ಲಿ ಹೇಳಿದೆ. ಎಲ್ಲ ಕೇಳಿ, ಆ ಮನುಷ್ಯನಿಗೆ ವ್ಯಾಪಾರದಲ್ಲಿ ಲಾಭವಾಯಿತೇ ಎಂದು ವಿಚಾರಿಸಿದರು. ಆಯಿತು ಎಂದೆ. ಅವರಿಗೆ ಖುಷಿಯಾಯಿತು.