ಶಾಸನಗಳ ರೈಸ್ ಅವರೂ ಅವರ ಮನೆತನದ ಹೆಸರೂ

ಕನ್ನಡ ಶಾಸನಗಳ ಮಾತು ಬಂದೊಡನೆ ನಮ್ಮ ನೆನಪಿಗೆ ಬರುವ ಹೆಸರು ಬೆಂಜಮಿನ್ ಲೂಯಿಸ್ ರೈಸ್ ಅವರದು. ಇಂಗ್ಲಿಷ್ ಪಾಠವನ್ನು ಆಗತಾನೆ ತೊಡಗಿದ ನಮ್ಮ ಬಾಲಕರು ಈ ಹೆಸರನ್ನು ಕೇಳಿ ಅಕ್ಕಿಯನ್ನು ನೆನೆದು ನಗುವುದುಂಟು. ಅವರನ್ನು ದೂರಲಾಗದು, ಆದರೆ ಆ ಹೆಸರಿಗೂ ಅಕ್ಕಿಗೂ ಯಾವ ನಂಟೂ ಇಲ್ಲ.

ಇಂಗ್ಲೆಂಡಿನ ಪಶ್ಚಿಮಕ್ಕೆ ವೇಲ್ಸ್ ಎಂಬ ನಾಡಿದೆ. ಅಲ್ಲಿಯ ನುಡಿ ಇಂಗ್ಲಿಷಿಗಿಂತ ತೀರ ಬೇರೆ. ಆ ನುಡಿಯಲ್ಲಿ ‘ರೀಸ್’ ಎಂಬುದು ಗಂಡಸರಿಗಿಡುವ ಹಳೆಯ ಹೆಸರು. ಉತ್ಸಾಹ, ಆವೇಶ ಎಂದು ಅದರ ಅರ್ಥ. ದಕ್ಷಿಣ ವೇಲ್ಸನ್ನಾಳಿ 1197ರಲ್ಲಿ ಮಡಿದ ಪ್ರಸಿದ್ಧ ದೊರೆಯ ಹೆಸರೂ ಇದೇ. ಆ ಜನರಿಗೆ ಮೊದಲು ಸ್ಥಿರವಾದ ಮನೆತನದ ಹೆಸರಿರಲಿಲ್ಲ. ನಮ್ಮಲ್ಲಿ ಅನೇಕರಿಗಿರುವಂತೆ ತಂದೆಯ ಹೆಸರೇ ಗುರುತು; ‘ಆಪ್’ ಎಂದರೆ ಮಗ. 16ನೆಯ ಶತಮಾನದಲ್ಲಿ ಇಂಗ್ಲಿಷರ ಕಾನೂನು ವೇಲ್ಸಿಗೆ ವ್ಯಾಪಿಸಲು, ಈ ಹೆಸರುಗಳು ಇಂಗ್ಲಿಷ್ ಬರಹಕ್ಕೆ ಒಗ್ಗುವಂತೆ ಮಾರ್ಪಟ್ಟುವು. ರೀಸ್ ಎಂಬುದು ರೈಸ್ ಆಯಿತು. ಆಪ್ ರೀಸ್ ಎಂಬುದು ಪ್ರೈಸ್ ಆಯಿತು. ಗಡಿಯಲ್ಲಿ ಬಾಳುವ ನಮಗೆ ಇದು ಹೊಸ ಕಥೆಯಲ್ಲ. ಕಚೇರಿಯ ನುಡಿ ಬದಲಾದಂತೆ ಊರಿನ ಹೆಸರೂ ಮನೆಯ ಹೆಸರೂ ಕಾಗದದಲ್ಲಿ ಬೇರೊಂದಾಗುವುದನ್ನು ನಾವು ಕಂಡೇ ಇದ್ದೇವೆ. ವೇಲ್ಸಿನ ಡೈನೆವರ್ ಪ್ರಭುಗಳಾದರೋ 1916ರಲ್ಲಿ ರೈಸ್ ಎಂಬುದನ್ನು ಬಿಟ್ಟು ಹಳೆಯ ರೀಸ್ ರೂಪವನ್ನೇ ಮರಳಿ ಧರಿಸಿದರು.

ನಮ್ಮ ರೈಸ್ ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿಗಳು. ಸುಮಾರು 50 ವರ್ಷ ಅಲ್ಲಿಯೇ ದುಡಿದವರು. ಇಂಗ್ಲೆಂಡಿನಲ್ಲಿ ವ್ಯಾಸಂಗ ಮುಗಿಸಿದ ಮಗನು 1860ರಲ್ಲಿ ಬೆಂಗಳೂರಿಗೆ ಮರಳಿ ಉಪಾಧ್ಯಾಯ ವೃತ್ತಿಯನ್ನು ಹಿಡಿದರು. ಮುಂದೆ ವಿದ್ಯಾ ಇಲಾಖೆಯ ಅಧಿಕಾರಿಗಳಾದರು. ಶಾಲೆಗಳ ತನಿಖೆಗೆಂದು ಹಳ್ಳಿಹಳ್ಳಿ ಸುತ್ತುವಾಗ ಗುಡಿಯ ಅಂಗಳದಲ್ಲಿಯೂ ಕೆರೆಯ ಏರಿಯ ಮೇಲೂ ನಿಂತ ಬರಹದ ಕಲ್ಲುಗಳು ಅವರ ಮನಸ್ಸನ್ನು ಸೆರೆಹಿಡಿದುವು. ಅಲ್ಲಿಂದ ಮುಂದೆ ಅವರ ಆಯುಷ್ಯವೆಲ್ಲ ಆ ಕಲ್ಲುಗಳಿಗೇ ಮೀಸಲು. 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲಾದ ‘ಎಪಿಗ್ರಾಫಿಯ ಕರ್ನಾಟಿಕ’ 12 ಸಂಪುಟಗಳಾಗಿ ಬೆಳೆಯಿತು. ಅದರಲ್ಲಿ ಸುಮಾರು 9,000 ಶಾಸನಗಳಿವೆ. ಗಂಗರು, ಕದಂಬರು, ಹೊಯ್ಸಳರು ಮಾತ್ರವಲ್ಲ, ತುರುಗಳನ್ನು ಕಾಯುತ್ತ ಮಡಿದ ಸಾಮಾನ್ಯ ವೀರನ ಹೆಸರೂ ಅವನ ತಂದೆಯ ಹೆಸರೂ ಹೀಗೆ ಮರಳಿ ಬೆಳಕಿಗೆ ಬಂದುವು. ತಾಳೆಗರಿಯಲ್ಲಿದ್ದ ಪಂಪಭಾರತವು 1898ರಲ್ಲಿ ಅಚ್ಚಾದುದೂ ಅವರಿಂದಲೇ.

ರಾಯದುರ್ಗಕ್ಕೆ ಅನತಿದೂರದ ಮೊಳಕಾಲ್ಮೂರು ಸೀಮೆಯಲ್ಲಿ ಅಶೋಕನ ಶಾಸನಗಳನ್ನು ಅವರು ಕಂಡುದು 1892ರಲ್ಲಿ. ಮೌರ್ಯರ ಆಳ್ವಿಕೆ ನಮ್ಮ ನೆಲವನ್ನು ಮುಟ್ಟಿತ್ತೆಂಬುದು ಅದರಿಂದ ಸ್ಥಿರಪಟ್ಟಿತು.

1906ರಲ್ಲಿ ನಿವೃತ್ತರಾದ ಅವರು ಇಂಗ್ಲೆಂಡಿನ ಹ್ಯಾರೋ ಎಂಬಲ್ಲಿ ನೆಲಸಿ, 1927ರಲ್ಲಿ, 90 ತುಂಬಲು ಕೆಲವೇ ದಿನಗಳಿರುವಾಗ, ತೀರಿಕೊಂಡರು. ಬೆಂಗಳೂರಿನ ಅವೆನ್ಯೂ ರಸ್ತೆಯ ಕನ್ನಡ ಇಗರ್ಜಿಯೊಂದು ರೈಸ್ ಸ್ಮಾರಕವೆಂದೇ ಹೆಸರಾಗಿದೆ; ಅದು ತಂದೆಯವರ ನೆನಪಿನದು.