ಸುದ್ದಿ ಹೊತ್ತ ಕಲ್ಲು

ಎಫ್‌ಡಿಎ, ಎಸ್‌ಡಿಎ, ಪಿಡಿಒ... ಯಾವ ಪರೀಕ್ಷೆಗೆ ಓದುತ್ತಿರುವವರನ್ನು ಬೇಕಾದರೂ ಕೇಳಿ ನೋಡಿ. ಕನ್ನಡದ ಮೊದಲ ಪತ್ರಿಕೆ ಯಾವುದು? ‘ಮಂಗಳೂರ ಸಮಾಚಾರ’. ಸಂಪಾದಕರು ಯಾರು? ಹರ್ಮನ್ ಮೊಗ್ಲಿಂಗ್. ಶುರುವಾದದ್ದು ಯಾವಾಗ? 1843ರ ಜುಲೈ 1. ಅದಕ್ಕೇ ಆ ದಿನ ಪತ್ರಿಕಾ ದಿನಾಚರಣೆ. ಒಂದು ಅಂಕ ಬಂತು, ಮುಂದಿನ ಪ್ರಶ್ನೆಗೆ ಹೋದೆವು. ಈ ಪತ್ರಿಕೆ ಎಂಟೇ ತಿಂಗಳಲ್ಲಿ ಮಂಗಳೂರು ಬಿಟ್ಟು ಬಳ್ಳಾರಿಗೆ ಹೋಯಿತು ಎಂಬ ಸಾಲೂ ಕೆಲವು ಗೈಡ್‌ಗಳಲ್ಲಿದೆ. ಏಕೆ ಹೋಯಿತು ಎಂದು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಆ ‘ಏಕೆ’ ನನ್ನ ಬ್ರಾಂಚಿಗೆ ಸೇರಿದ್ದು ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗೆನ್‌ನಲ್ಲಿ ಧರ್ಮಶಾಸ್ತ್ರ ಓದಿ, ಬಾಸೆಲ್ ಮಿಷನ್ ಸೇರಿ, 1836ರಲ್ಲಿ ಮಂಗಳೂರಿಗೆ ಬಂದರು. ಬಂದದ್ದು ಧರ್ಮಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಬಂದವರು ಕನ್ನಡ ಕಲಿತರು. ಕಲಿತದ್ದು ಬರೀ ಆಡಿ ಕೆಲಸ ಸಾಗಿಸುವಷ್ಟಲ್ಲ, ಬರೆಯುವಷ್ಟು, ಸಂಪಾದಿಸುವಷ್ಟು, ಹಳೆಯ ಕಾವ್ಯ ಓದುವಷ್ಟು. ಮೂವತ್ತೆರಡನೇ ವಯಸ್ಸಿನಲ್ಲಿ ಪತ್ರಿಕೆ ತೆಗೆದರು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಊರ ಸುದ್ದಿ, ಸರ್ಕಾರದ ಕಾನೂನು, ಹೊರರಾಜ್ಯಗಳ ವರ್ತಮಾನ, ಒಂದಿಷ್ಟು ಕತೆ ಮತ್ತು ನೀತಿ ಎಲ್ಲವೂ ಅದರಲ್ಲಿ ಇತ್ತು.

ಇಷ್ಟನ್ನೂ ಅವರು ಅಚ್ಚು ಹಾಕಿಸಿದ್ದು ಕಲ್ಲಿನ ಮೇಲೆ. 1841ರಲ್ಲಿ ಮಂಗಳೂರಿನಲ್ಲಿ ಶುರುವಾದ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ ಆಗ ಇದ್ದದ್ದು ಕಲ್ಲಚ್ಚು, ಅಂದರೆ ಲಿಥೋಗ್ರಫಿ. 1790ರ ದಶಕದ ಕೊನೆಯಲ್ಲಿ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ವಿಧಾನ ಇದು. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬುದಷ್ಟೇ ಇದರ ಗುಟ್ಟು. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆಯಬೇಕು. ಅಂಟು ಮತ್ತು ತೆಳು ಆಮ್ಲ ಸವರಿ ಕಲ್ಲನ್ನು ಒದ್ದೆ ಮಾಡಬೇಕು. ಬರಹವಿಲ್ಲದ ಜಾಗ ನೀರು ಕುಡಿಯುತ್ತದೆ. ಆಮೇಲೆ ಶಾಯಿಯ ರೋಲರ್ ಓಡಿಸಿದರೆ ಶಾಯಿ ಅಕ್ಷರಕ್ಕೆ ಮಾತ್ರ ಹತ್ತುತ್ತದೆ. ಮೇಲೆ ಕಾಗದ ಇಟ್ಟು ಒತ್ತಿದರೆ ಪುಟ ಸಿದ್ಧ. ಕಲ್ಲಿನ ಮೇಲೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರೆಯಬೇಕಾಗುತ್ತದೆ. ಇಲ್ಲವೇ ವಿಶೇಷ ಕಾಗದದ ಮೇಲೆ ನೇರವಾಗಿ ಬರೆದು ಅದನ್ನು ಕಲ್ಲಿಗೆ ಒತ್ತಿ ಇಳಿಸಬೇಕು.

ಕನ್ನಡಕ್ಕೆ ಇದೊಂದು ವರವೇ ಆಗಿತ್ತು. ಇಂಗ್ಲಿಷಿನ ಅಚ್ಚುಮೊಳೆಗಳಂತೆ ಇಪ್ಪತ್ತಾರು ಅಕ್ಷರ, ಅದರ ದೊಡ್ಡದು ಚಿಕ್ಕದು ಎಂದರೆ ನಮ್ಮಲ್ಲಿ ಮುಗಿಯುವುದಿಲ್ಲ. ಕಾಗುಣಿತ, ಒತ್ತಕ್ಷರ, ಅರ್ಕಾವೊತ್ತು ಸೇರಿ ನೂರಾರು ಬೇರೆ ಬೇರೆ ಮೊಳೆಗಳನ್ನು ಎರಕ ಹೊಯ್ಯಬೇಕು. ಕಲ್ಲಿಗೆ ಆ ತೊಂದರೆಯಿಲ್ಲ, ಕೈಬರಹ ಚೆನ್ನಾಗಿರುವ ಒಬ್ಬ ಲಿಪಿಕಾರ ಇದ್ದರೆ ಸಾಕು.

ಆದರೆ ಪತ್ರಿಕೆಗೆ ಕಲ್ಲು ಸರಿಹೋಗುವುದಿಲ್ಲ. ನಾಲ್ಕು ಪುಟ ಅಚ್ಚಾಗುವಂಥ, 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, ಏಳೂವರೆ ಸೆಂ.ಮೀ. ದಪ್ಪದ ಒಂದು ಕಲ್ಲನ್ನು ಊಹಿಸಿಕೊಳ್ಳಿ. ಸುಣ್ಣಕಲ್ಲಿನ ಸಾಂದ್ರತೆಯಿಂದ ಗುಣಿಸಿದರೆ ತೂಕ ಸುಮಾರು 50 ಕೆ.ಜಿ. ನಮ್ಮ ಕಡೆಯ ಒಂದು ಸಿಮೆಂಟ್ ಚೀಲ. ಅದನ್ನು ಎತ್ತಬೇಕು, ಉಜ್ಜಬೇಕು, ಪ್ರೆಸ್ಸಿನ ಮೇಲೆ ಕೂರಿಸಬೇಕು. ಒಂದೊಂದು ಪ್ರತಿಗೂ ನೀರು, ಶಾಯಿ, ಕಾಗದ, ಒತ್ತು, ಎತ್ತು. ಹಾಳೆಯ ಹಿಂಬದಿಗೆ ಮತ್ತೆ ಅಷ್ಟೇ ಕೆಲಸ. ಬದಿಗೆ ಒಂದೇ ನಿಮಿಷ ಎಂದಿಟ್ಟುಕೊಂಡರೂ ಗಂಟೆಗೆ ಪೂರ್ತಿ ಪತ್ರಿಕೆ ಮೂವತ್ತು. ಅಚ್ಚಾದ ಹಾಳೆ ಒಣಗಲೂ ಬೇಕು. ಅದೂ ಮೊದಲ ಸಂಚಿಕೆ ಬಂದದ್ದು ಜುಲೈಯಲ್ಲಿ! ಮಂಗಳೂರಿನ ಮಳೆಗಾಲ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ನಾವು ಉತ್ಪಾದನಾ ವಿಷಯದಲ್ಲಿ ಬಾಟಲ್‌ನೆಕ್ ಎಂದು ಓದುತ್ತೇವಲ್ಲ, ಇಲ್ಲಿ ಕಲ್ಲೇ ಅದು. ಒಂದು ಪುಟದ ಎಲ್ಲ ಪ್ರತಿ ಮುಗಿಯುವ ತನಕ ಆ ಕಲ್ಲು ಬೇರೆ ಕೆಲಸಕ್ಕೆ ಬಾರದು. ಕೊನೇ ಗಳಿಗೆಯಲ್ಲಿ ಒಂದು ಸುದ್ದಿ ಬಂದರೆ ಸೇರಿಸುವುದು ಕಷ್ಟ, ಒಂದು ಅಕ್ಷರ ತಪ್ಪಿದರೆ ಕೆರೆಯಬೇಕು. ಮೊಳೆಯಲ್ಲಾದರೆ ತಪ್ಪಿದ್ದನ್ನು ಚಿಮಟದಲ್ಲಿ ಕಿತ್ತು ಬೇರೆ ಕೂರಿಸಬಹುದು. ನಾಲ್ಕು ಜನ ನಾಲ್ಕು ಪುಟ ಹಂಚಿಕೊಂಡು ಮೊಳೆ ಜೋಡಿಸಬಹುದು. ಮುಗಿದ ಮೇಲೆ ಅವೇ ಮೊಳೆಗಳು ಮುಂದಿನ ಸಂಚಿಕೆಗೆ ಬರುತ್ತವೆ.

ಹೊತ್ತಿಗೆ ಸರಿಯಾಗಿ ತಲುಪುವುದು ಪತ್ರಿಕೆಗೆ ಎಷ್ಟು ಮುಖ್ಯ ಎಂಬುದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಪಿಯುಸಿ ಓದುವಾಗ ಎರಡು ವರ್ಷ ಪಾಂಡವಪುರದಲ್ಲಿ ಮನೆಮನೆಗೆ ಪೇಪರ್ ಹಾಕಿದ್ದೇನೆ. ಮೈಸೂರಿನಿಂದ ಹೊರಟ ವ್ಯಾನು ಶ್ರೀರಂಗಪಟ್ಟಣದಲ್ಲಿ ಬಂಡಲ್ ಇಳಿಸಿ, ನಮ್ಮಲ್ಲಿ ಇಳಿಸಿ, ಕೆ.ಆರ್. ಪೇಟೆ ಕಡೆ ಹೋಗುತ್ತಿತ್ತು. ನಾಗಮಂಗಲದ್ದು ಬೇರೆ ಗಾಡಿ. ವ್ಯಾನು ಇಪ್ಪತ್ತು ನಿಮಿಷ ತಡವಾದರೆ ಗೇಟಿನ ಬಳಿ ನಿಂತು ಕಾಯುವ ಮೇಷ್ಟ್ರುಗಳ ಮುಖ ನೋಡಲಾಗುತ್ತಿರಲಿಲ್ಲ. ಇನ್ನು ಹದಿನೈದು ದಿನದ ಸುದ್ದಿಯನ್ನು ಕಲ್ಲಿನ ಮೇಲೆ ಹೊರುತ್ತಿದ್ದ ಮೊಗ್ಲಿಂಗರ ಪಾಡು ಏನಿದ್ದಿರಬೇಕು!

ಹದಿನಾರು ಸಂಚಿಕೆ ಹೀಗೆ ಹೊರಬಂದವು. 1844ರ ಮಾರ್ಚಿನಿಂದ ಪತ್ರಿಕೆ ಬಳ್ಳಾರಿಗೆ ಹೋಯಿತು. ಅಲ್ಲಿ ಲಂಡನ್ ಮಿಷನ್ನಿನವರ ಅಚ್ಚುಕೂಟದಲ್ಲಿ ಕನ್ನಡದ ಮೊಳೆಗಳಿದ್ದವು. ಹೆಸರೂ ‘ಕನ್ನಡ ಸಮಾಚಾರ’ ಎಂದಾಯಿತು. ಒಂದೇ ಊರಿನ ಹೆಸರು ಹೊತ್ತ ಪತ್ರಿಕೆಗೆ ಇಡೀ ನುಡಿಯ ಹೆಸರು ಬಂದದ್ದು ನನಗೆ ಬಹಳ ಇಷ್ಟವಾದ ಸಂಗತಿ. ಮೊಳೆಗಳು ಸಿಕ್ಕಿದವು, ಸ್ಪಷ್ಟವಾದ ಅಚ್ಚು ಸಿಕ್ಕಿತು. ಆದರೆ ಸಂಪಾದಕರು ಕರಾವಳಿಯಲ್ಲಿ, ಅಚ್ಚುಕೂಟ ಬಯಲುಸೀಮೆಯಲ್ಲಿ. ಇಂದಿನ ರಸ್ತೆಯಲ್ಲೇ ನಡುವೆ ನಾನೂರು ಕಿ.ಮೀ. ಆಸುಪಾಸು ದೂರವಿದೆ, ದಾರಿಯಲ್ಲಿ ಘಟ್ಟ. ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಲು ಇನ್ನೂ ಒಂಬತ್ತು ವರ್ಷ ಬಾಕಿ. ದಿನಕ್ಕೆ 25 ಕಿ.ಮೀ. ಸಾಗುವ ಎತ್ತಿನಗಾಡಿಗೆ ಇದು ಹದಿನಾರು ದಿನದ ದಾರಿ. ಪತ್ರಿಕೆಯ ಅವಧಿಯೇ ಹದಿನೈದು ದಿನ! ಓಡುವ ಟಪಾಲಿನವರು ಇದಕ್ಕಿಂತ ಬೇಗ ತಲುಪಿಸುತ್ತಿದ್ದರು ನಿಜ, ಆದರೂ ಅದು ದಿನಗಳ ಲೆಕ್ಕವೇ. ಅಚ್ಚುಕೂಟದ ಒಳಗಿದ್ದ ಬಾಟಲ್‌ನೆಕ್ ರಸ್ತೆಗೆ ಬಂದು ಕೂತಿತು ಎಂದು ನನಗನ್ನಿಸುತ್ತದೆ. ಬಳ್ಳಾರಿಯಲ್ಲೂ ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ.

ಅದೇ ಕಾಲದಲ್ಲಿ ಹೊರಜಗತ್ತು ಎಲ್ಲಿತ್ತು? ಲಂಡನ್ನಿನ ‘ಟೈಮ್ಸ್’ ಪತ್ರಿಕೆ 1814ರಲ್ಲೇ ಫ್ರೆಡ್ರಿಕ್ ಕೋನಿಗ್ ಅವರ ಉಗಿಯಂತ್ರದಲ್ಲಿ ಗಂಟೆಗೆ 1,100 ಹಾಳೆ ಅಚ್ಚು ಹಾಕಿತ್ತು. ಆದರೆ ಅಲ್ಲೂ ಹಾಳೆಯನ್ನು ಒಂದೊಂದಾಗಿ ಕೊಡುತ್ತಿದ್ದುದು ಮನುಷ್ಯನ ಕೈಯೇ. ಕಾಗದವನ್ನು ಉದ್ದನೆಯ ಸುರುಳಿಯಿಂದಲೇ ಯಂತ್ರಕ್ಕೆ ಉಣಿಸಿ, ಎರಡೂ ಬದಿ ಅಚ್ಚು ಹಾಕಿ, ಕತ್ತರಿಸಿಕೊಡುವ ಯಂತ್ರ ಅಮೆರಿಕದ ವಿಲಿಯಂ ಬುಲಕ್ ಅವರಿಂದ ಬಂದದ್ದು 1860ರ ದಶಕದಲ್ಲಿ. ಪಾಪ, ತಾವೇ ಕಂಡುಹಿಡಿದ ಯಂತ್ರಕ್ಕೆ ಕಾಲು ಸಿಕ್ಕಿ 1867ರಲ್ಲಿ ಅವರು ತೀರಿಕೊಂಡರು.

ಕಳೆದ ಸೆಮಿಸ್ಟರ್‌ನಲ್ಲಿ ಮೈಸೂರಿನ ಹೊರವಲಯದ ಒಂದು ಪತ್ರಿಕಾ ಮುದ್ರಣಾಲಯಕ್ಕೆ ನಮ್ಮನ್ನು ಕರೆದೊಯ್ದಿದ್ದರು. ಬುಲಕ್ ಅವರ ಸುರುಳಿ ಈಗ ಹೇಗೆ ಬೆಳೆದಿದೆ ಎಂದು ನೋಡಿದೆ. 1.4 ಮೀಟರ್ ಅಗಲದ, ಒಂದು ಟನ್ ತೂಗುವ ಸುರುಳಿಯನ್ನು ಪೂರ್ತಿ ಬಿಚ್ಚಿದರೆ ಕಾಗದ ಸುಮಾರು 16 ಕಿ.ಮೀ. ಬರುತ್ತದೆ. ಶ್ರೀರಂಗಪಟ್ಟಣದಲ್ಲಿ ತುದಿ ಹಿಡಿದು ನಿಂತರೆ ಇನ್ನೊಂದು ತುದಿ ಮೈಸೂರು ಮುಟ್ಟುತ್ತದೆ. ದೊಡ್ಡ ಪ್ರೆಸ್‌ಗಳಲ್ಲಿ ಒಂದು ಸುರುಳಿ ಮುಗಿಯುವ ಮುನ್ನ ಹೊಸ ಸುರುಳಿಯ ತುದಿಯನ್ನು ಯಂತ್ರ ನಿಲ್ಲಿಸದೆಯೇ ಅಂಟಿಸುತ್ತಾರೆ. ಮಡಚಿದ ಪತ್ರಿಕೆಯನ್ನು ಒಂದೊಂದೇ ಕ್ಲಿಪ್ಪು ಕಚ್ಚಿ ಹಿಡಿದು ಮೇಲೆತ್ತಿ, ಚಾವಣಿಯ ಕೆಳಗೆ ಸುತ್ತಾಡಿಸಿ, ಎಣಿಸಿ ಕಟ್ಟುವ ಜಾಗಕ್ಕೆ ಇಳಿಸುತ್ತದೆ. ಮೊದಲ ಬಾರಿ ನೋಡುವವರಿಗೆ ಅದು ಕೊಕ್ಕರೆಗಳ ಸಾಲಿನಂತೆ ಕಾಣುತ್ತದೆ.

ಮೊಗ್ಲಿಂಗ್ ಪತ್ರಿಕೆ ನಿಂತಿತೆಂದು ಸುಮ್ಮನಾಗಲಿಲ್ಲ. ಕಲ್ಲು ಯಾವುದಕ್ಕೆ ಒಗ್ಗುತ್ತದೋ ಅದಕ್ಕೆ ಅದನ್ನು ಬಳಸಿದರು. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಹಣದ ನೆರವಿನಿಂದ 1848ರಲ್ಲಿ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆ ಶುರುವಾಯಿತು. ಓಲೆಗರಿಯಲ್ಲಿದ್ದ ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣದಂಥವು ಆ ಮಾಲೆಯಲ್ಲಿ ಅಚ್ಚಾದವು. ಮೊದಮೊದಲ ಸಂಪುಟಗಳು ಬಂದದ್ದು ಕಲ್ಲಚ್ಚಿನಲ್ಲೇ. ಕಾವ್ಯಕ್ಕೆ ಹದಿನೈದು ದಿನದ ಗಡುವು ಇರುವುದಿಲ್ಲವಲ್ಲ! ಕ್ರೈಸ್ತ ಮಿಷನರಿಯೊಬ್ಬರು ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚಿಗೆ ಕೊಟ್ಟರು ಎಂಬುದನ್ನು ಗೈಡ್‌ಗಳು ಇನ್ನೂ ದಪ್ಪ ಅಕ್ಷರದಲ್ಲಿ ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಈ ಕೆಲಸಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಮಂಗಳೂರಿಗೆ ಮೊಳೆಗಳು ಬಂದದ್ದು 1850ರ ದಶಕದ ಆರಂಭದಲ್ಲಿ. ಆ ಮುದ್ರಣಾಲಯಕ್ಕೆಂದು ಬಂದ ಜಾರ್ಜ್ ಪ್ಲೆಬ್‌ಸ್ಟ್ ಎಂಬ ಕುಶಲ ತಂತ್ರಜ್ಞರೇ ಮುಂದೆ 1865ರಲ್ಲಿ ಮಿಷನ್ನಿನ ಮೊದಲ ಹೆಂಚಿನ ಕಾರ್ಖಾನೆ ತೆರೆದರು. ನಮ್ಮ ಕಡೆಯ ಹಳೇ ಮನೆಗಳ ಮೇಲಿರುವ ಮಂಗಳೂರು ಹೆಂಚಿನ ಮೂಲ ಹುಡುಕುತ್ತ ಹೋದರೂ ಅಚ್ಚುಕೂಟದ ಬಾಗಿಲಿಗೇ ಬರುತ್ತೇವೆ.

ಅಷ್ಟರಲ್ಲಿ ಮೊಗ್ಲಿಂಗ್ ಕೊಡಗಿಗೆ ಹೋಗಿದ್ದರು. ಅಲ್ಲಿನ ಜನಜೀವನ, ಇತಿಹಾಸದ ಬಗ್ಗೆ 1855ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. 1860ರಲ್ಲಿ ಜರ್ಮನಿಗೆ ಮರಳಿದವರು ಮತ್ತೆ ಇತ್ತ ಬರಲಿಲ್ಲ. ಅಲ್ಲಿ ಕೂತು ಕನ್ನಡದ ಪದಗಳನ್ನು ಜರ್ಮನ್ ಭಾಷೆಗೆ ತಂದರು. 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ಅದಾದ ಹದಿಮೂರು ವರ್ಷಕ್ಕೆ, ಅವರ ಕಲ್ಲುಗಳಿದ್ದ ಅದೇ ಮಂಗಳೂರಿನ ಮುದ್ರಣಾಲಯದಿಂದ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. 1,700ಕ್ಕೂ ಹೆಚ್ಚು ಪುಟ, ಎಲ್ಲವೂ ಮೊಳೆ ಜೋಡಿಸಿ ಅಚ್ಚು ಹಾಕಿದ್ದು.